ಹುಲಿಗುಡ್ಡ ಶಿಬಿರದ ಗ್ರೈಂಡರ್ ದಿಗ್ವಿಜಯ

ಕೆಂಪುದಾರಾಲಂಕೃತೆಯೇ, ಕಡತಕಮಲವಾಸಿನಿಯೇ, ಮೇಜಿನಿಂದ ಮೇಜಿಗೆ ಹಂಸಗಮನದಲ್ಲಿ ಸಾಗುತ್ತ ಹೋದಲ್ಲೆಲ್ಲ ಒಂದೊಂದು ಷರಾ ಹೆತ್ತು ಬರುವ ಆಯವ್ಯಯ ಮಹಾದೇವಿಯೇ, ಬಾ, ನನ್ನ ನಾಲಿಗೆಯ ತುದಿಯಲ್ಲಿ ಒಂದು ಗಳಿಗೆ ಕುಳಿತುಕೋ. ಸಾವಿರ ಕೋಟಿ ಬಂದರೆ ಬಾಗಿಲು ತೆರೆದು ಆರತಿಯೆತ್ತುವವಳೇ, ಸಾವಿರ ರೂಪಾಯಿ ಬಂದರೆ ಹೊಸ್ತಿಲಲ್ಲೇ ನಿಲ್ಲಿಸಿ "ಯಾರಪ್ಪಾ ನೀನು, ಯಾರ ಕಡೆಯವನು?" ಎಂದು ಗದರಿಸುವವಳೇ, ನಿನ್ನ ಮಹಿಮೆಯನ್ನೇ ಹಾಡಲು ಹೊರಟಿದ್ದೇನೆ. ತಪ್ಪಿದ್ದರೆ ತಿದ್ದು; ಆದರೆ ಮೂರು ಪ್ರತಿ ಕೇಳಬೇಡ. ಕೇಳುವ ಜನರೇ, ನೀವೂ ಅಷ್ಟೆ, ನಡುನಡುವೆ ಹೂಂ ಎನ್ನುತ್ತಿರಬೇಕು. ಹೂಂಗುಟ್ಟುವವರಿಲ್ಲದಿದ್ದರೆ ಎಂಥ ಮಹಾಸೈನ್ಯವೂ ಕಥೆಯ ನಡುದಾರಿಯಲ್ಲೇ ನಿದ್ದೆಹೋಗುತ್ತದೆ.

ಆ ಯುಗವಾದರೂ ಎಂಥದ್ದು! ತ್ರಿಕೂಟವೆಂಬ ದೇಶ, ಅದರ ಮಗ್ಗುಲಲ್ಲಿ ಆಚೆನಾಡೆಂಬ ದೇಶ, ಎರಡರ ನಡುವೆ ಗಿಡ್ಡಹೊಳೆಯೆಂಬ ಹೊಳೆ. ಬೇಸಿಗೆಯಲ್ಲಿ ಎಮ್ಮೆಗಳು ಹೊಟ್ಟೆ ಒದ್ದೆಯಾಗದಂತೆ ದಾಟುತ್ತಿದ್ದ ಆ ಜಲರಾಶಿಯ ಎರಡೂ ದಡಗಳಲ್ಲಿ, ಕಾಲಾಂತಕನ ಕೋರೆದಾಡೆಗಳಂತೆ ಫಿರಂಗಿಗಳು ಬಾಯಿ ತೆರೆದು ನಿಂತಿದ್ದವು. ತ್ರಿಕೂಟದವರು ಒಂದು ಕೊಂಡರೆ ಆಚೆನಾಡಿನವರು ಎರಡು ಕೊಳ್ಳುವರು. ಆಚೆನಾಡಿನವರು ಎರಡು ಕೊಂಡರೆಂದು ತ್ರಿಕೂಟದವರು ನಾಲ್ಕಕ್ಕೆ ಮುಂಗಡ ಕೊಡುವರು. ಕೊನೆಕೊನೆಗೆ ಫಿರಂಗಿ ನಿಲ್ಲಿಸಲು ಜಾಗ ಸಾಲದೆ ಶಾಲೆಗಳ ಅಂಗಳದಲ್ಲಿ ನಿಲ್ಲಿಸಿ, ಶಾಲೆಗಳನ್ನು ಹುಣಸೆಮರದ ಬುಡಕ್ಕೆ ಕಳಿಸಿದರು. ಮೂವತ್ತು ವರ್ಷದಲ್ಲಿ ಆ ಹೊಳೆಯ ಮೇಲಿಂದ ಆಚೆಗೂ ಈಚೆಗೂ ಹಾರಿದ್ದೆಂದರೆ ಬೆಳ್ಳಕ್ಕಿ ಮಾತ್ರ. ಆದರೂ ಯಾವ ಕ್ಷಣ ಏನಾಗುವುದೋ ಎಂಬ ಭಯವನ್ನು ಎರಡೂ ದೇಶದವರು ಪ್ರತಿವರ್ಷ ಫೆಬ್ರವರಿಯಲ್ಲಿ, ಆಯವ್ಯಯ ಮಂಡಿಸುವ ವಾರದಲ್ಲಿ, ತಪ್ಪದೆ ಅನುಭವಿಸುತ್ತಿದ್ದರು.

ಅಂಥ ತ್ರಿಕೂಟದ ಗಡಿಯಲ್ಲಿ, ಹುಲಿಗುಡ್ಡವೆಂಬ ಶಿಬಿರದಲ್ಲಿ, ನಮ್ಮ ಕಥಾನಾಯಕನಿದ್ದ. ಉದ್ದಿನಬೇಳೆಗಿರಿಭೇದಕ, ತಂಡುಲರಾಶಿಮರ್ದಕ, ಮುನ್ನೂರನಲವತ್ತು ಯೋಧರ ಉದರಾಗ್ನಿಶಾಮಕ, ಅಡುಗೆ ಹವಾಲ್ದಾರ್ ಸಣ್ಣೀರಪ್ಪ. ಅವನ ಆಯುಧ ಯಾವುದೆನ್ನುವಿರೋ? ಕೃಷ್ಣಶಿಲಾನಿರ್ಮಿತವಾದ, ನಾಲ್ಕಾಳು ಸೇರಿದರೂ ಜರುಗಿಸಲಾರದ ಒರಳುಕಲ್ಲು. ಹಿಂದೊಮ್ಮೆ ಅಡುಗೆಮನೆಯಲ್ಲಿ ಕರೆಂಟಿನ ಗ್ರೈಂಡರ್ ಇತ್ತು. ಅದರ ಮೋಟಾರು ಸುಟ್ಟು ಮೂರು ವರ್ಷವಾಗಿತ್ತು. ರುಬ್ಬಲು ಇಬ್ಬರು ಸಹಾಯಕರಿದ್ದರು. ಒಬ್ಬನನ್ನು ಫಿರಂಗಿಯ ಹಿತ್ತಾಳೆ ಉಜ್ಜಲು, ಇನ್ನೊಬ್ಬನನ್ನು ಆ ಉಜ್ಜುವಿಕೆಯ ವರದಿ ಬರೆಯಲು ಎತ್ತಿಕೊಂಡುಹೋಗಿದ್ದರು. ಹೀಗಾಗಿ ಮಧ್ಯಾಹ್ನದ ಊಟ ಮುಗಿದಲ್ಲಿಂದ ಹೊತ್ತು ಮುಳುಗುವ ತನಕ ಸಣ್ಣೀರಪ್ಪ ಒಬ್ಬನೇ ಕುಳಿತು, ಮಂದರಪರ್ವತದಂಥ ಗುಂಡುಕಲ್ಲನ್ನು ಕ್ಷೀರಸಾಗರದಂಥ ಹಿಟ್ಟಿನಲ್ಲಿ ಗಿರ್ರನೆ ತಿರುಗಿಸುತ್ತಿದ್ದ. ಆ ಕಡೆ ದೇವತೆಗಳೂ ಇಲ್ಲ, ಈ ಕಡೆ ಅಸುರರೂ ಇಲ್ಲ. ಇದ್ದದ್ದು ಒಂದು ಬಲತೋಳು. ಸಮುದ್ರಮಥನದಲ್ಲಿ ಮೊದಲು ಹಾಲಾಹಲ ಬಂತಲ್ಲ, ಇಲ್ಲಿ ಬಂದದ್ದು ಭುಜದ ನೋವು.

ಕಾಳಗದ ಕಿಡಿ ಹೊತ್ತಿದ್ದು ಮಾಘಮಾಸದ ಒಂದು ಮುಂಜಾನೆ. ಶತ್ರುಹೃದಯಕಂಪನ, ಮೀಸೆಯೇ ಕೀರ್ತಿಪತಾಕೆಯಾಗಿದ್ದ ದಂಡನಾಯಕ ದೇವಪ್ಪಾಜಿ ಅರಸು ಅಡುಗೆಮನೆಯ ತಪಾಸಣೆಗೆ ಬಿಜಯಂಗೈದ. ಸಣ್ಣೀರಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆದ. ಆದರೆ ಆ ಕೈ, ಹಣೆಯತ್ತ ಹೊರಟ ಕೈ, ಗಲ್ಲದ ಹತ್ತಿರ ಬಂದು ನಿಂತುಬಿಟ್ಟಿತು.

"ಏನಯ್ಯಾ ಇದು? ಸೆಲ್ಯೂಟೋ, ಗಡ್ಡ ಕೆರೆದುಕೊಳ್ಳೋದೋ?" ಎಂದು ದಂಡನಾಯಕ ಗುಡುಗಿದ.

"ಸೆಲ್ಯೂಟೇ ಸಾರ್. ಮೇಲಕ್ಕೆ ಹೊರಟದೆ, ಇನ್ನೂ ದಾರೀಲದೆ."

"ಯಾವಾಗ ತಲುಪುತ್ತೆ?"

"ಬೇಸಿಗೇಲಾದ್ರೆ ಕಿವೀತನಕ ಬರ್ತದೆ ಸಾರ್. ಈಗ ಚಳಿ ಅಲ್ವಾ, ಗಲ್ಲಕ್ಕೇ ನಿಂತ್ಬಿಡ್ತದೆ."

ಸೈನ್ಯವೆಂದಮೇಲೆ ಸೋಲನ್ನು ಕ್ಷಮಿಸಬಹುದು, ಅರ್ಧ ಸೆಲ್ಯೂಟನ್ನು ಕ್ಷಮಿಸುವುದುಂಟೇ? ದಂಡನಾಯಕ ವಿಚಾರಣೆ ನಡೆಸಿದ. ಸಣ್ಣೀರಪ್ಪ ಇದ್ದದ್ದನ್ನು ಇದ್ದಂತೆ ಹೇಳಿದ. ಶಿಬಿರದ ಡಾಕ್ಟರು ಎರಡು ವರ್ಷ ಗಡುವು ಕೊಟ್ಟಿದ್ದರು: ಅಷ್ಟರಲ್ಲಿ ರುಬ್ಬುವುದು ನಿಲ್ಲದಿದ್ದರೆ ಆ ತೋಳು ಮತ್ತೆಂದೂ ಮೇಲೇಳುವುದಿಲ್ಲ.

"ತೋಳು ಹೋದ್ರೆ ಅನ್‌ಫಿಟ್ ಅಂತ ಬರೆದು ಮನೇಗೆ ಕಳಿಸ್ತಾರೆ ಸಾರ್. ಈಗ್ಲೇ ಅಂಗಿ ತೊಡೋಕೆ ಪಕ್ಕದ ಮಂಚದೋನ್ನ ಕರೀತೀನಿ. ಮನೇಗೆ ಹೋಗಿ ಏನ್ ಮಾಡ್ಲಿ? ನಂಗೆ ರುಬ್ಬೋದು ಬಿಟ್ರೆ ಬೇರೇನೂ ಬರಲ್ಲ."

"ಒಂದು ಗ್ರೈಂಡರಿಗೆ ಎಷ್ಟು?"

"ಪೇಟೇಲಿ ಇಪ್ಪತ್ತೆರಡು ಸಾವಿರ ಹೇಳ್ತಾರೆ ಸಾರ್. ಚೌಕಾಸಿ ಮಾಡಿದ್ರೆ ಕಾಯಿ ತುರಿಯೋದನ್ನ ಮೇಲೆ ಕೊಡ್ತಾರೆ."

ದಂಡನಾಯಕನ ಮೀಸೆ ಅದುರಿತು. ಒಲೆಯ ಬೆಂಕಿಯನ್ನೇ ಅಗ್ನಿಸಾಕ್ಷಿಯಾಗಿಸಿಕೊಂಡು ಅವನು ಪ್ರತಿಜ್ಞೆಗೈದ: "ಹುಲಿಗುಡ್ಡದ ಹುಲಿಯಾದ ನಾನು, ಬೆಟ್ಟಗಳನ್ನು ಬಾಗಿಸಿದ ನಾನು, ಬಿರುಗಾಳಿಗೆ ಸಾವಧಾನ್ ಹೇಳಿ ನಿಲ್ಲಿಸಿದ ನಾನು, ಈ ಸೇವಕನ ತೋಳಿನಾಣೆ, ಗ್ರೈಂಡರನ್ನು ತರದೆ ಇಡ್ಲಿಯನ್ನು ಮುಟ್ಟೆನು!" ಎಂದು ಹೇಳಿ, ಅಂದಿನಿಂದ ದೋಸೆ ತಿನ್ನತೊಡಗಿದ.

ಭೇಟಿಗೆ ದಿನ ಗೊತ್ತಾಗುವಷ್ಟರಲ್ಲಿ ಮಾರ್ಚ್ ಕೊನೆಗೆ ಬಂದಿತ್ತು. ಜೀಪಿನಲ್ಲಿ ಎರಡು ಗಂಟೆ ದೂರದ ಲೆಕ್ಕಪತ್ರ ಭವನದಲ್ಲಿ, ಉಕ್ಕಿನ ಬೀರುಗಳ ಕೋಟೆಯ ನಡುವೆ, ದಶಮಾಂಶಬಿಂದುಭೇದಿನಿ, ವೋಚರ್‌ವಿದಾರಣಚತುರೆ, ಹಸಿರುಶಾಯಿಖಡ್ಗಧಾರಿಣಿಯಾದ ವಿಶಾಲಾಕ್ಷಮ್ಮ ಆಸೀನಳಾಗಿದ್ದಳು. ಸೇನೆಯ ಒಂದೊಂದು ಖರ್ಚಿಗೂ ಅವಳ ಸಹಿ ಬೇಕು. ಅವಳ ಕನ್ನಡಕ ಮೂಗಿನ ತುದಿಗೆ ಇಳಿಯಿತೆಂದರೆ ಮೇಜರುಗಳು ತಂದ ಬಿಲ್ಲನ್ನು ತಾವೇ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ದಂಡನಾಯಕ ಬಾಗಿಲಲ್ಲಿ ನಿಂತು, ಬೂಟು ಕುಟ್ಟಿ, ಸಿಂಹನಾದಗೈದ:

"ಎಲೈ ಲೆಕ್ಕವೀರಾಂಗನೆಯೇ! ದೇವಪ್ಪಾಜಿ ಅರಸು ಬಂದಿದ್ದಾನೆ! ಹಿಮಾವೃತಶಿಖರಗಳಲ್ಲಿ ಮಲಗಿ ನಕ್ಷತ್ರಗಳನ್ನು ಹೊದ್ದವನು, ಮರುಭೂಮಿಯ ಮರಳನ್ನೇ ಬುತ್ತಿಯೆಂದು ಬಗೆದವನು ಬಂದಿದ್ದಾನೆ! ಇಪ್ಪತ್ತೆರಡು ಸಾವಿರ ರೂಪಾಯಿಯನ್ನು ಒಪ್ಪಿಸುವೆಯೋ, ಇಲ್ಲಾ ಸಮರಕ್ಕೆ ಅಣಿಯಾಗುವೆಯೋ?"

"ಕೂತ್ಕೊಳ್ಳಿ ಸಾರ್. ಕಾಫಿ ತರಿಸ್ಲಾ?"

"ಸಕ್ಕರೆ ಕಮ್ಮಿ," ಎಂದು ದಂಡನಾಯಕ ಕುಳಿತ.

ಕಾಫಿ ಬಂತು. ಒಂದು ಗುಟುಕು ಹೀರಿ, ಲೋಟವನ್ನು ರಣಕಹಳೆಯಂತೆ ಕೆಳಗಿಟ್ಟು, ವಿಶಾಲಾಕ್ಷಮ್ಮ ಪ್ರತ್ಯುತ್ತರವಿತ್ತಳು: "ದಂಡನಾಯಕರೇ, ಕೇಳಿ! ಇದೇ ಕುರ್ಚಿಯಲ್ಲಿ ಕುಳಿತು ಮೂವರು ಸೇನಾಪತಿಗಳ ಪ್ರಯಾಣಭತ್ಯೆಯ ಶಿರಚ್ಛೇದ ಮಾಡಿದವಳು ನಾನು. ಬ್ರಿಗೇಡಿಯರೊಬ್ಬರ ಪರದೆಬಟ್ಟೆಯ ಬಿಲ್ಲನ್ನು ಹನ್ನೊಂದು ಸಲ ಹಿಂತಿರುಗಿಸಿ, ಕೊನೆಗೆ ಕಿಟಕಿಗೇ ಇಟ್ಟಿಗೆ ಕಟ್ಟಿಸಿದವಳು ನಾನು. ಲೆಕ್ಕದ ಶೀರ್ಷಿಕೆಯಿಲ್ಲದ ಒಂದು ರೂಪಾಯಿಯೂ ನನ್ನ ಹೆಣದ ಮೇಲೆ ಹಾದು ಹೋಗಬೇಕೇ ಹೊರತು ಮೇಜಿನ ಮೇಲಲ್ಲ. ಹೇಳಿ, ನಿಮ್ಮ ಗ್ರೈಂಡರು ಯಾವ ಶೀರ್ಷಿಕೆಯಲ್ಲಿ ಬರುತ್ತೆ?"

"ಸಣ್ಣಪುಟ್ಟ ಖರ್ಚು."

"ಅದು ಖಾಲಿ ಸಾರ್. ನೀವೇ ಖಾಲಿ ಮಾಡಿದ್ದು. ಸೆಪ್ಟೆಂಬರಲ್ಲಿ ಮಂತ್ರಿಗಳು ಬರ್ತಾರೆ ಅಂತ ಶಿಬಿರದ ದಾರೀಲಿರೋ ಕಲ್ಲುಗಳಿಗೆಲ್ಲ ಸುಣ್ಣ ಹೊಡೆಸಿದ್ರಿ, ಮರಗಳಿಗೆಲ್ಲ ಕೆಮ್ಮಣ್ಣು ಬಳಿಸಿದ್ರಿ. ನಾಲ್ಕು ಲಕ್ಷ."

"ಮಂತ್ರಿಗಳು ಬರಲಿಲ್ಲ ಅನ್ನೋದು ನನ್ನ ತಪ್ಪೇ? ಕಲ್ಲುಗಳು ಎಷ್ಟು ಲಕ್ಷಣವಾಗಿ ಕಾಣ್ತವೆ ಗೊತ್ತಾ ಮೇಡಂ!"

"ಹಾಗಿದ್ರೆ ಆ ಕಲ್ಲಲ್ಲೇ ರುಬ್ಬಿಸಿ."

ಈ ಬಾಣ ಎದೆಗೆ ನಾಟಿತು. ದಂಡನಾಯಕ ಚೇತರಿಸಿಕೊಂಡು, ಬೇರೆ ಯಾವುದಾದರೂ ಶೀರ್ಷಿಕೆಯಲ್ಲಿ ಹಣವಿದೆಯೇ ಎಂದು ಕೇಳಿದ. ಇತ್ತು. ಭಾರೀ ಶಸ್ತ್ರಾಸ್ತ್ರ ಎಂಬ ಶೀರ್ಷಿಕೆಯಲ್ಲಿ ಹನ್ನೊಂದು ಕೋಟಿ ಹಾಗೆಯೇ ಬಿದ್ದಿತ್ತು. ಮಾರ್ಚ್ ಮೂವತ್ತೊಂದರೊಳಗೆ ಯಾವುದಾದರೂ ಖರೀದಿಗೆ ಗೊತ್ತುಮಾಡದಿದ್ದರೆ ಅದು ಸರ್ಕಾರಕ್ಕೆ ಮರಳುತ್ತದೆ, ಮತ್ತು ಹಣ ಮರಳಿಸಿದ ಶಿಬಿರಕ್ಕೆ ಮರುವರ್ಷ ಅಷ್ಟು ಕಡಿಮೆ ಕೊಡುತ್ತಾರೆ. ಸೈನ್ಯದಲ್ಲಿ ಅದಕ್ಕಿಂತ ಹೇಡಿತನ ಇನ್ನೊಂದಿಲ್ಲ.

"ಅದರಲ್ಲೇ ಇಪ್ಪತ್ತೆರಡು ಸಾವಿರ ಕೊಡಿ."

"ಆಗಲ್ಲ ಸಾರ್. ಒಂದು ಕೋಟಿಗಿಂತ ಕಡಿಮೆ ಬೆಲೆಯದು ಯಾವುದೂ ಭಾರೀ ಅನ್ನಿಸ್ಕೊಳ್ಳಲ್ಲ. ನಿಯಮ."

"ಅಂದರೆ ಅಗ್ಗವಾಗಿದೆ ಅನ್ನೋದೇ ಅಡ್ಡಿ?"

"ನಿಯಮ ನಾನು ಬರೆದಿದ್ದಲ್ಲ. ಕಾವಲಿಗೆ ಕೂರಿಸಿದ್ದಾರೆ, ಕೂತಿದ್ದೀನಿ," ಎಂದು ವಿಶಾಲಾಕ್ಷಮ್ಮ ಮುಂದಿನ ಕಡತವನ್ನೆಳೆದುಕೊಂಡಳು. ಮೊದಲ ದಿನದ ಯುದ್ಧ ಹೀಗೆ ಮುಗಿಯಿತು. ಕಾಫಿಗೆ ಮಾತ್ರ ಯಾವ ಶೀರ್ಷಿಕೆಯೂ ಬೇಕಾಗಲಿಲ್ಲ, ಅವಳೇ ಕೊಟ್ಟಳು.

ಭಗ್ನಮನೋರಥನಾಗಿ ಶಿಬಿರಕ್ಕೆ ಮರಳಿದ ದಂಡನಾಯಕನ ಮುಂದೆ, ಸಂಕಟಕಾಲದಲ್ಲಿ ಪ್ರತ್ಯಕ್ಷರಾಗುವ ಋಷಿಗಳ ಹಾಗೆ, ಒಬ್ಬ ಮಹಾನುಭಾವ ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡು ನಿಂತ. ಅವನೇ ಸರ್ವಾರ್ಜಿಪಾರಂಗತ, ನಕಲುಪ್ರತಿವಿಶಾರದ, ಗುಮಾಸ್ತ ಪದ್ಮನಾಭಯ್ಯ.

"ಸಾರ್, ಒಂದು ಮಾತು ಹೇಳ್ಲಾ? ಸಣ್ಣದು ಸಿಗಲ್ಲ ಅಂದ್ರೆ ದೊಡ್ಡದೇ ಕೇಳೋಣ. ಗ್ರೈಂಡರನ್ನ ಒಂದು ಕೋಟಿ ದಾಟಿಸಿದ್ರೆ ಮೇಡಂ ತಡೆಯೋ ಹಾಗಿಲ್ಲ."

"ಒಂದು ಕೋಟಿಯ ಗ್ರೈಂಡರ್ ಯಾವನಯ್ಯಾ ಮಾಡ್ತಾನೆ?"

"ಕೇಳೋರಿದ್ರೆ ಮಾಡೋರು ಇರ್ತಾರೆ ಸಾರ್. ಟೆಂಡರು ಘನವಾಗಿರಬೇಕು ಅಷ್ಟೆ."

ಮಾರ್ಚ್ ಮೂವತ್ತೊಂದಕ್ಕೆ ಎರಡೇ ದಿನ ಉಳಿದಿತ್ತು. ಘನವಾದ ಟೆಂಡರನ್ನು ಹೊಸದಾಗಿ ಬರೆಯಲು ಎರಡು ತಿಂಗಳು ಬೇಕು. ಆದರೆ ಹಳೆಯದನ್ನು ನೋಡಿ ಹೊಸದು ಬರೆಯುವುದು ಆ ಕಚೇರಿಯ ಸನಾತನ ಧರ್ಮ. ಹಿಂದಿನ ವರ್ಷ ಯುದ್ಧದ ಟ್ಯಾಂಕು ಕೊಳ್ಳಲು ಸಿದ್ಧಪಡಿಸಿದ್ದ ಇನ್ನೂರಹದಿನಾಲ್ಕು ಷರತ್ತುಗಳ ಪತ್ರ ಕಂಪ್ಯೂಟರಿನಲ್ಲಿ ಭದ್ರವಾಗಿತ್ತು. ಪದ್ಮನಾಭಯ್ಯ ಅದನ್ನು ತೆರೆದು, ಒಂದೇ ಒಂದು ಗುಂಡಿಯನ್ನೊತ್ತಿ, ಟ್ಯಾಂಕು ಎಂದಿದ್ದಲ್ಲೆಲ್ಲ ಗ್ರೈಂಡರ್ ಎಂದು ಮಾಡಿಬಿಟ್ಟ. ಬ್ರಹ್ಮನಾದರೂ ಒಂದು ಜೀವಿಯನ್ನು ಇಷ್ಟು ಚುರುಕಾಗಿ ಸೃಷ್ಟಿಸಿರಲಾರ.

ಆ ಪುಣ್ಯಗ್ರಂಥದ ಕೆಲವು ಸಾಲುಗಳನ್ನು ಭಕ್ತಿಯಿಂದ ಕೇಳಿ: ಗ್ರೈಂಡರು ನಾಲ್ಕಡಿ ಆಳದ ಹೊಳೆಯನ್ನು ಸ್ವಯಂ ದಾಟತಕ್ಕದ್ದು. ಗ್ರೈಂಡರು ನೆಲಬಾಂಬಿನ ಸ್ಫೋಟವನ್ನು ತಡೆದುಕೊಳ್ಳತಕ್ಕದ್ದು. ಗ್ರೈಂಡರಿನೊಳಗೆ ಮೂವರು ಸಿಬ್ಬಂದಿ, ಅಂದರೆ ಚಾಲಕ, ಗುರಿಕಾರ ಮತ್ತು ನಾಯಕ, ಹೆಲ್ಮೆಟ್ಟಿನೊಂದಿಗೆ ಕೂರಲು ಸ್ಥಳವಿರತಕ್ಕದ್ದು. ಗ್ರೈಂಡರಿನ ಮೇಲ್ಭಾಗ ಮುನ್ನೂರರವತ್ತು ಡಿಗ್ರಿ ತಿರುಗತಕ್ಕದ್ದು. ಈ ಕೊನೆಯದೊಂದು ಮಾತ್ರ ಹೇಗೋ ಸರಿಯಾಗಿಯೇ ಇತ್ತು.

ದಂಡನಾಯಕ ಓದಲಿಲ್ಲ. ಕಡತವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ, ತೂಕ ಸರಿಯಿತ್ತು, ಸಹಿ ಹಾಕಿದ. ವಿಶಾಲಾಕ್ಷಮ್ಮ ಓದಿದಳು, ಪೂರ್ತಿ ಓದಿದಳು. ಓದಿ, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, ನಿಯಮಗಳ ಪುಸ್ತಕವನ್ನು ತಿರುವಿದಳು. ಅಂಕಣಗಳೆಲ್ಲ ತುಂಬಿದ್ದವು. ಬೆಲೆ ಒಂಬತ್ತು ಕೋಟಿ, ಅಂದರೆ ನಿಸ್ಸಂಶಯವಾಗಿ ಭಾರೀ. ಮೂರ್ಖತನವನ್ನು ತಡೆಯುವ ನಿಯಮ ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲ. ಇಪ್ಪತ್ತೆರಡು ಸಾವಿರಕ್ಕೆ ವಜ್ರಕವಾಟವಾಗಿದ್ದ ಆ ಮಹಾತಾಯಿ ಒಂಬತ್ತು ಕೋಟಿಗೆ ಹಸಿರು ಶಾಯಿಯ ಸಹಿಯನ್ನಿತ್ತಳು.

ಏಳು ಸಮುದ್ರದಾಚೆಯ ಒಂದು ಕಂಪನಿ ಆ ಗ್ರೈಂಡರನ್ನು ಕಟ್ಟಿಕೊಟ್ಟಿತು. ಇನ್ನು ಶುರುವಾಯಿತು ನೋಡಿ ಪರೀಕ್ಷೆಗಳ ಮಹಾಪರ್ವ! ವರ್ಷದ ಮೇಲೆ ಐದು ತಿಂಗಳು ಆ ಲೋಹೈರಾವತ ಅಗ್ನಿದಿವ್ಯಗಳನ್ನು ಹಾಯಿತು. ಗಿಡ್ಡಹೊಳೆಗೆ ಇಳಿಸಿದರು, ಪ್ರವಾಹವನ್ನು ಸೀಳಿ, ಎರಡು ಎಮ್ಮೆಗಳನ್ನು ಬೆದರಿಸಿ, ದಡವೇರಿತು. ಮರಳುಗಾಡಿನಲ್ಲಿ ಬಿಟ್ಟರು, ಬೆವರಲಿಲ್ಲ. ಕೆಳಗೆ ಬಾಂಬಿಟ್ಟು ಸಿಡಿಸಿದರು. ಒಂದಡಿ ನೆಗೆದು, ಹೊಸ ಹೆಂಡತಿಯ ಗತ್ತಿನಲ್ಲಿ ಮತ್ತೆ ಅಲ್ಲೇ ಕುಳಿತಿತು. ಪರೀಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟೂ ದಿನ ಅದರೊಳಗೆ ಒಂದು ಹಿಡಿ ಅಕ್ಕಿ ಹಾಕಿ ನೋಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಯಾಕೆ ಅನ್ನಿಸಬೇಕು? ಪರೀಕ್ಷೆಯ ಪಟ್ಟಿಯಲ್ಲಿ ಅಕ್ಕಿ ಇರಲಿಲ್ಲ.

ಇತ್ತ ಹೊಳೆಯಾಚೆ, ಎಮ್ಮೆ ಮೇಯಿಸುವ ನೆಪದಲ್ಲಿದ್ದ ಆಚೆನಾಡಿನ ಗೂಢಚಾರ ತನ್ನ ದೊರೆಗಳಿಗೆ ಬರೆದ: "ತ್ರಿಕೂಟದವರ ಬಳಿ ಗಿರಗಿರ ತಿರುಗುವಂಥದ್ದೊಂದು ಬಂದಿದೆ. ಇದುವರೆಗೆ ಯಾರಿಗೂ ಏನೂ ಮಾಡಿಲ್ಲ. ನನಗೆ ಅದೇ ಭಯ." ಆಚೆನಾಡಿನ ಸಭೆ ತುರ್ತಾಗಿ ಸೇರಿ, ಒಂದು ಹೆರಿಗೆ ಆಸ್ಪತ್ರೆಯ ಹಣವನ್ನು ಇತ್ತ ತಿರುಗಿಸಿ, ಅದೇ ಕಂಪನಿಗೆ ಎರಡು ಗ್ರೈಂಡರು ಬೇಕೆಂದು ಹೇಳಿಕಳಿಸಿತು. ಆಚೆನಾಡಿಗೆ ಎರಡು ಬರುತ್ತಿವೆಯೆಂದು ತಿಳಿದು ತ್ರಿಕೂಟದ ಸಭೆ ಕೂಡಲೇ ಇಪ್ಪತ್ತು ಗ್ರೈಂಡರಿಗೆ ಅನುದಾನ ಕೊಟ್ಟಿತು. ಕಂಪನಿಯವರು ಎರಡೂ ದೇಶಗಳಿಗೆ ಯುಗಾದಿಯ ಶುಭಾಶಯ ಕಳಿಸಿದರು.

ಮತ್ತೆ ಸಣ್ಣೀರಪ್ಪ? ಸಣ್ಣೀರಪ್ಪ ರುಬ್ಬುತ್ತಿದ್ದ. ಸೆಲ್ಯೂಟು ಗಲ್ಲದಿಂದ ಕುತ್ತಿಗೆಗಿಳಿದು, ಕುತ್ತಿಗೆಯಿಂದ ಅಂಗಿಯ ಎರಡನೆಯ ಗುಂಡಿಗೆ ಬಂದಿತ್ತು. ಒಮ್ಮೊಮ್ಮೆ ಗುಮಾಸ್ತರನ್ನು ತಡೆದು ಕೇಳುವನು:

"ನಮ್ಮ ಗ್ರೈಂಡರು ಎಲ್ಲೀಗ್ ಬಂತು ಪದ್ಮನಾಭಯ್ನೋರೆ?"

"ಬರ್ತಾ ಇದೆ ಕಣಯ್ಯ. ಈಗ ಹಿಮದ ಬೆಟ್ಟದ ಮೇಲಿದೆ."

"ಅಲ್ಯಾಕೆ ಹೋಗ್ಯದೆ? ಆ ಚಳೀಲಿ ಹಿಟ್ಟು ಹುದುಗಲ್ಲ."

ಸೈನ್ಯದ ಯಾವ ತಜ್ಞನಿಗೂ ಹೊಳೆಯದ ಈ ಮಾತನ್ನು ಪದ್ಮನಾಭಯ್ಯ ಕೇಳಿಸಿಕೊಂಡ. ಆದರೆ ಅಡುಗೆಯವನ ಅಭಿಪ್ರಾಯವನ್ನು ಬರೆದುಕೊಳ್ಳಲು ನಮೂನೆಯಲ್ಲಿ ಜಾಗವಿರಲಿಲ್ಲ.

ಡಾಕ್ಟರರ ಗಡುವಿಗೆ ಎರಡು ತಿಂಗಳಿರುವಾಗ, ಕಹಳೆ ಡೊಳ್ಳುಗಳ ನಡುವೆ ಗ್ರೈಂಡರ್ ಹುಲಿಗುಡ್ಡವನ್ನು ಪ್ರವೇಶಿಸಿತು. ಅಡುಗೆಮನೆಯ ಬಾಗಿಲು ಮೂರಡಿ, ಅದರ ಅಗಲ ಒಂಬತ್ತಡಿ. ಆದ್ದರಿಂದ ಕವಾಯತು ಮೈದಾನದ ನಟ್ಟನಡುವೆ ನಿಂತಿತು. ಹೊರದೇಶದಲ್ಲಿ ಆರು ತಿಂಗಳು ತರಬೇತಿ ಪಡೆದ ಚಾಲಕ, ಗುರಿಕಾರ, ನಾಯಕ ಮೂವರೂ ಅದರೊಳಗೆ ಕುಳಿತರು. ಸಣ್ಣೀರಪ್ಪ ದೂರದಿಂದಲೇ ಆ ದಿವ್ಯಾಕಾರವನ್ನು ಕಂಡು, ಎಡಗೈಯಿಂದ ಬಲಗೈಯನ್ನೆತ್ತಿ ಜೋಡಿಸಿ ಕೈಮುಗಿದ. ಅವನ ಕಣ್ಣು ತುಂಬಿತ್ತು.

ಉದ್ಘಾಟನೆಗೆ ಸ್ವತಃ ರಕ್ಷಣಾ ಮಂತ್ರಿಗಳು ಬರುವವರಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಅವರು ಗುಂಡಿಯೊತ್ತುವುದು, ಗ್ರೈಂಡರ್ ಗರ್ಜಿಸುವುದು, ಪ್ರಥಮ ಕಾಯಿಚಟ್ನಿಯನ್ನು ಮಂತ್ರಿಗಳು ಸವಿಯುವುದು. ಹತ್ತು ಗಂಟೆಗೆ ಒಂದು ಸಲ ಮಾಡಿ ನೋಡೋಣವೆಂದು ಒಂದು ಸೇರು ಅಕ್ಕಿಯನ್ನು ಒಳಗೆ ಸುರಿದರು. ಗುರಿಕಾರ ಗುರಿಯಿಟ್ಟ. ನಾಯಕ ಆಜ್ಞೆಯಿತ್ತ. ಭೂಮಿ ಕಂಪಿಸಿತು, ಕಾಗೆಗಳು ಹುಲಿಗುಡ್ಡವನ್ನೇ ಬಿಟ್ಟು ಹಾರಿದವು, ಕಪ್ಪು ಹೊಗೆ ಸೂರ್ಯನನ್ನು ನುಂಗಿತು. ಕಾಲು ಗಂಟೆಯಾದ ಮೇಲೆ ನಾಲ್ವರು ಸೇರಿ ಕವಚದ ಮುಚ್ಚಳವನ್ನೆತ್ತಿದರು.

ಒಳಗೆ ಅಕ್ಕಿ ಇತ್ತು. ಹೇಗೆ ಹಾಕಿದ್ದರೋ ಹಾಗೆಯೇ. ಸ್ವಲ್ಪ ಬೆಚ್ಚಗಾಗಿತ್ತು.

"ಇದು ರುಬ್ಬಲ್ವಾ?" ಎಂದ ದಂಡನಾಯಕ, ಸಣ್ಣ ದನಿಯಲ್ಲಿ.

"ತಿರುಗುತ್ತೆ ಸಾರ್," ಎಂದ ನಾಯಕ ಹೆಮ್ಮೆಯಿಂದ. "ರುಬ್ಬಬೇಕು ಅಂತ ಯಾರೂ ಹೇಳಲಿಲ್ಲ."

ಪದ್ಮನಾಭಯ್ಯ ಬೆರಳಿನಿಂದ ಇನ್ನೂರಹದಿನಾಲ್ಕು ಷರತ್ತುಗಳನ್ನೂ ಒಂದೊಂದಾಗಿ ಮುಟ್ಟುತ್ತ ಹೋದ. ಹೊಳೆ ಇತ್ತು, ಹಿಮ ಇತ್ತು, ಬಾಂಬು ಇತ್ತು. ರುಬ್ಬುವುದು ಇರಲಿಲ್ಲ. ಟ್ಯಾಂಕಿಗೆ ಆ ಷರತ್ತು ಬೇಕಾಗಿರಲಿಲ್ಲವಲ್ಲ.

ಆಪತ್ತಿನಲ್ಲಿ ವೀರರು ಯಾರ ಕಡೆ ನೋಡುತ್ತಾರೆ? ದಂಡನಾಯಕ ಸಣ್ಣೀರಪ್ಪನ ಕಡೆ ನೋಡಿದ. "ಅಣ್ಣಾ," ಎಂದ, ಜೀವಮಾನದಲ್ಲಿ ಮೊದಲ ಸಲ. "ಹಿಂದೆ ಟೆಂಟು ಕಟ್ಟಿಸ್ತೀನಿ, ಒರಳುಕಲ್ಲು ಅಲ್ಲೇ ತರಿಸ್ತೀನಿ. ಒಂದೇ ಒಂದು ಬಟ್ಟಲು ಚಟ್ನಿ."

"ಕೈ ಏಳ್ತಾ ಇಲ್ಲ ಸಾರ್."

"ದೇಶದ ಮಾನ ಕಣಪ್ಪ!"

ಹೀಗೆ ದೇಶದ ಮಾನ ಟೆಂಟಿನೊಳಗೆ ಹೋಯಿತು. ಸಣ್ಣೀರಪ್ಪ ಕಾಯಿತುರಿ, ಹಸಿಮೆಣಸು, ಹುರಿಗಡಲೆ, ಒಂದೆಸಳು ಹುಣಸೆ ಹಾಕಿ, ಎಡಗೈಯಲ್ಲಿ ಗುಂಡುಕಲ್ಲು ಹಿಡಿದ. ಕಲ್ಲು ಅರ್ಧ ಸುತ್ತು ಹೋಗಿ ನಿಂತಿತು. ಬಲಗೈಯನ್ನೂ ಕೊಟ್ಟ. ಭುಜದಲ್ಲಿ ಸೂಜಿ ಮುರಿದಂತಾಗಿ "ಅವ್ವಾ" ಎಂದು ಕೂಗಿದ.

ಆ ಕೂಗಿಗೆ ಟೆಂಟಿನ ಪರದೆ ಸರಿಯಿತು. ಹೊಸ ಆಸ್ತಿಯ ಪರಿಶೀಲನೆಗೆಂದು ಬಂದಿದ್ದ ವಿಶಾಲಾಕ್ಷಮ್ಮ, ಎದೆಗೆ ರಿಜಿಸ್ಟರ್ ಒತ್ತಿಕೊಂಡು ನಿಂತಿದ್ದಳು. ಒರಳುಕಲ್ಲನ್ನು ನೋಡಿದಳು, ತೋಳನ್ನು ನೋಡಿದಳು, ಪರದೆಯಾಚೆ ಬರಿದೇ ನಿಂತಿದ್ದ ಒಂಬತ್ತು ಕೋಟಿಯನ್ನು ನೋಡಿದಳು.

"ನೀವೇನಾ ಆ ಇಪ್ಪತ್ತೆರಡು ಸಾವಿರ?" ಎಂದಳು.

"ಹೂಂ ಅಮ್ಮಾವ್ರೆ. ನಾನೇ."

ವಿಶಾಲಾಕ್ಷಮ್ಮ ಒಳಗೆ ಬಂದಳು. ರಿಜಿಸ್ಟರನ್ನು ಹುಲ್ಲಿನ ಮೇಲಿಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸರೀರಿ ಅತ್ಲಾಗೆ."

"ನೀವಾ? ಬ್ಯಾಡಿ ಅಮ್ಮಾವ್ರೆ, ಬಳೆ ಒಡೀತದೆ."

"ಮದುವೆಯಾದ ಹೊಸದರಲ್ಲಿ ಅತ್ತೆ ಮನೇಲಿ ದಿನಾ ರುಬ್ಬಿದೋಳು ನಾನು. ಆಮೇಲೆ ಮಿಕ್ಸಿ ತಗೊಂಡ್ವಿ."

"ಮಿಕ್ಸಿಗೆ ಎಷ್ಟು ಕೊಟ್ರಿ?"

"ಎರಡೂವರೆ ಸಾವಿರ."

ವಿಶಾಲಾಕ್ಷಮ್ಮ ಒರಳಿನ ಮುಂದೆ ಕುಳಿತಳು. ಕಲ್ಲು ತಿರುಗಿತು. ದಶಮಾಂಶಬಿಂದುಭೇದಿನಿಯ ಹಣೆಯ ಕುಂಕುಮ ಬೆವರಿಗೆ ಇಳಿಯಿತು, ಕನ್ನಡಕ ಮೂಗಿನ ತುದಿಗೆ ಬಂತು, ಚಟ್ನಿ ನುಣ್ಣಗಾಯಿತು. ಅಷ್ಟರಲ್ಲಿ ಮಂತ್ರಿಗಳ ಕಾರಿನ ಸೈರನ್ ಮೊಳಗಿತು. ದಂಡನಾಯಕ ಟೆಂಟಿನೊಳಗೆ ನುಗ್ಗಿ, ಲೆಕ್ಕಾಧಿಕಾರಿ ಯಾಕೆ ರುಬ್ಬುತ್ತಿದ್ದಾಳೆಂದು ಕೇಳುವಷ್ಟೂ ವ್ಯವಧಾನವಿಲ್ಲದೆ, ಚಟ್ನಿಯನ್ನು ಬೆಳ್ಳಿಬಟ್ಟಲಿಗೆ ಬಳಿದುಕೊಂಡು ಓಡಿದ.

ಸಣ್ಣೀರಪ್ಪ ಒರಳಿನ ಅಂಚಿಗೆ ಮೆತ್ತಿದ್ದನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟ.

"ಅಮ್ಮಾವ್ರೆ, ಉಪ್ಪು?"

"ನೀವು ಹಾಕಿದ್ರಲ್ಲ?"

"ನಾನು ಹಾಕಕ್ ಹೋಗೋಷ್ಟ್ರಲ್ಲಿ ನೀವು ಸರೀರಿ ಅಂದ್ರಿ."

"ರುಬ್ಬಿದ್ದಷ್ಟೇ ನಾನು. ಒಳಗೇನು ಹಾಕೋದು ಅನ್ನೋದು ನಿಮ್ಮ ವಿಭಾಗ!"

ಮೈದಾನದಲ್ಲಿ ಆಗಲೇ ಮಂತ್ರಿಗಳು ಗುಂಡಿಯೊತ್ತಿಯಾಗಿತ್ತು. ದೇಶಭಕ್ತಿದುಂದುಭಿ, ಹಾರಭಾರಾವನತಗ್ರೀವರಾದ ಆ ಮಹನೀಯರು ಗ್ರೈಂಡರಿನ ಗರ್ಜನೆಯ ನಡುವೆ ಕೂಗಿ ಹೇಳಿದರು: ಇನ್ನು ನಮ್ಮತ್ತ ಕಣ್ಣೆತ್ತಿ ನೋಡುವ ಧೈರ್ಯ ಯಾರಿಗಿದೆ? ಈ ಯಂತ್ರ ನಮ್ಮ ಸ್ವಾಭಿಮಾನ. ಇಂಥ ಇಪ್ಪತ್ತು ಬರುತ್ತಿವೆ, ಮುಂದೆ ಇನ್ನೂರು ಬರಲಿವೆ. ಮುನ್ನೂರನಲವತ್ತು ಯೋಧರು ಜಯಘೋಷ ಮಾಡಿದರು. ಕ್ಯಾಮೆರಾಗಳ ಮುಂದೆ ಮಂತ್ರಿಗಳು ಬೆಳ್ಳಿಚಮಚದಲ್ಲಿ ಚಟ್ನಿಯನ್ನು ಬಾಯಿಗಿಟ್ಟರು. ನಕ್ಕರು. ನಗುತ್ತಲೇ ನುಂಗಿದರು. "ಅದ್ಭುತ!" ಎಂದರು.

ಆಮೇಲೆ ಕ್ಯಾಮೆರಾಗಳು ಅತ್ತ ತಿರುಗಿದ ಮೇಲೆ, ಒಂದು ಲೋಟ ನೀರು ಕುಡಿದು, ದಂಡನಾಯಕನನ್ನು ಪಕ್ಕಕ್ಕೆ ಕರೆದರು.

"ಏನ್ರೀ ಇದು? ಉಪ್ಪಿಲ್ಲ, ಏನಿಲ್ಲ. ಸೈನಿಕರಿಗೆ ದಿನಾ ಇದನ್ನೇ ಹಾಕ್ತೀರಾ?"

"ದಿನಾ ಇಡ್ಲಿ, ದೋಸೆ, ಚಟ್ನಿ ಮಹಾಸ್ವಾಮಿ. ಆಹಾರ ಪಟ್ಟಿ ಹಾಗಿದೆ. ತಮ್ಮ ಆದೇಶವಿಲ್ಲದೆ ಬದಲಾಯಿಸೋ ಹಾಗಿಲ್ಲ."

"ಬದಲಾಯಿಸ್ರೀ ಮತ್ತೆ! ನಾಳೆಯಿಂದ ಉಪ್ಪಿಟ್ಟು ಮಾಡಿ. ಅದಕ್ಕಾದ್ರೂ ಉಪ್ಪು ಹಾಕಿ," ಎಂದು ಹೇಳಿ, ಕಾರು ಹತ್ತಿ ಹೊರಟುಹೋದರು. ಆಪ್ತ ಕಾರ್ಯದರ್ಶಿ ಅದನ್ನು ಬರೆದುಕೊಂಡ. ಸಂಜೆಗೆ ಆದೇಶ ಬಂತು. ಅದಕ್ಕೆ ಟೆಂಡರಿಲ್ಲ, ಶೀರ್ಷಿಕೆಯಿಲ್ಲ, ಪರೀಕ್ಷೆಯಿಲ್ಲ. ಅರ್ಧ ಹಾಳೆ ಕಾಗದ. ಎರಡು ವರ್ಷದ ಹಿಂದೆಯೇ ಯಾರಾದರೂ ಕೇಳಿದ್ದರೆ ಆಗಲೇ ಬರುತ್ತಿತ್ತು. ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ, ಸಣ್ಣೀರಪ್ಪನಿಗೂ.

ಉಪ್ಪಿಟ್ಟಿಗೆ ನೆನೆಹಾಕುವುದಿಲ್ಲ, ರುಬ್ಬುವುದಿಲ್ಲ. ಗ್ರೈಂಡರ್ ಮೈದಾನದಲ್ಲೇ ನಿಂತಿದೆ. ಅದರ ಕೆಳಗಿನ ಚಕ್ರಗಳಿಗೆ ಪ್ರತಿ ತಿಂಗಳು ಸುಣ್ಣ ಹೊಡೆಯುತ್ತಾರೆ. ಆಚೆನಾಡಿನ ಎರಡೂ ಬಂದಿವೆಯಂತೆ, ಅವೂ ತಿರುಗುತ್ತವಂತೆ.

ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಸಣ್ಣೀರಪ್ಪ, ಯಾರನ್ನೂ ಕರೆಯದೆ, ತಲೆಯ ಮೇಲಿನ ಹಲಗೆಯಿಂದ ರವೆ ಡಬ್ಬವನ್ನು ಬಲಗೈಯಲ್ಲೇ ಇಳಿಸಿಕೊಂಡ. ಒಗ್ಗರಣೆ ಹಾಕಿ, ಬಾಣಲೆ ಹೊತ್ತು ಹೊರಗೆ ಬಂದ. ಮುನ್ನೂರನಲವತ್ತು ಮಹಾವೀರರು ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು; ಮುಂಚೂಣಿಯಲ್ಲಿ ದಂಡನಾಯಕನೇ ಇದ್ದ.

"ಇವತ್ತೂ ಉಪ್ಪಿಟ್ಟಾ?" ಎಂದು ಸೈನ್ಯ ನರಳಿತು.

"ಕ್ಯಾರೆಟ್ ಹಾಕಿದೀನಿ," ಎಂದ ಸಣ್ಣೀರಪ್ಪ. "ತಟ್ಟೆ ಹಿಡೀರಿ."